ಬೀಜಗಣಿತದ ಮೊದಲ ದಿನ: ಹಣ್ಣು, ತಕ್ಕಡಿ, ಆಟೋ, ಬೆಂಕಿಕಡ್ಡಿ

ಸಂಜೆ ಹೊತ್ತು ಮನೆಯಲ್ಲಿ ಎಂಟನೇ ತರಗತಿ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತೇನೆ. ಮಗ್ಗಿ, ಭಿನ್ನರಾಶಿ ಎಲ್ಲದರಲ್ಲೂ ಚುರುಕಾಗಿರುವ ಮಕ್ಕಳು ಎಕ್ಸ್ ಕಂಡ ಕೂಡಲೇ ಪೆನ್ನು ಕೆಳಗಿಡುತ್ತಾರೆ. ಅದನ್ನು ನೋಡಿ ನೋಡಿ ಸಂಕಟವಾಗಿ, ಬೀಜಗಣಿತ ಶುರು ಮಾಡುವ ನಾಲ್ಕು ದಾರಿಗಳನ್ನು ಬೇರೆ ಬೇರೆ ಗುಂಪಿನ ಜೊತೆ ಮಾಡಿ ನೋಡಿದೆ.

ಮೊದಲು ಹಣ್ಣಿನ ದಾರಿ. ಎ ಅಂದರೆ ಆಪಲ್, ಬಿ ಅಂದರೆ ಬಾಳೆಹಣ್ಣು. 2ಎ + 3ಎ = 5ಎ. ಐದೇ ನಿಮಿಷದಲ್ಲಿ ಎಲ್ಲರೂ ತಲೆಯಾಡಿಸಿದರು. ಮುಂದಿನ ವಾರ ಒಬ್ಬಳು ಕೇಳಿದಳು, "ಮಿಸ್, ಎ ಇಂಟು ಬಿ ಅಂದ್ರೆ ಆಪಲ್ ಇಂಟು ಬಾಳೆಹಣ್ಣಾ?" ಅವಳ ಪ್ರಶ್ನೆ ಸರಿಯಾಗಿತ್ತು, ನನ್ನ ಪಾಠ ತಪ್ಪಾಗಿತ್ತು. ಅಕ್ಷರ ಇರುವುದು ಹಣ್ಣಿನ ಬದಲಿಗಲ್ಲ, ಸಂಖ್ಯೆಯ ಬದಲಿಗೆ. ಈ ದಾರಿ ಬಿಟ್ಟೇಬಿಟ್ಟೆ.

ತಕ್ಕಡಿ ಇದಕ್ಕಿಂತ ಎಷ್ಟೋ ಮೇಲು. ಎರಡು ಬೆಂಕಿಪೊಟ್ಟಣದೊಳಗೆ ನಾಲ್ಕು ನಾಲ್ಕು ವಾಷರ್ ಹಾಕಿ ಮುಚ್ಚಿದೆ. ಒಂದೊಂದರಲ್ಲಿ ಎಷ್ಟಿವೆ ಅಂತ ಮಕ್ಕಳು ಕಂಡುಹಿಡಿಯಬೇಕು. ಅವುಗಳ ಪಕ್ಕ ಇನ್ನೂ 3 ವಾಷರ್. ಆಚೆ ತಟ್ಟೆಯಲ್ಲಿ 11 ವಾಷರ್, ಜೊತೆಗೆ ಎರಡು ಖಾಲಿ ಪೊಟ್ಟಣ. ಪೊಟ್ಟಣದ ತೂಕ ಲೆಕ್ಕಕ್ಕೆ ಬರಬಾರದು, ಅಲ್ವಾ? ಮಕ್ಕಳೇ ಎರಡೂ ಕಡೆಯಿಂದ ಮೂರು ಮೂರು ತೆಗೆದರು, ಉಳಿದ ಎಂಟನ್ನು ಅರ್ಧ ಮಾಡಿದರು. "ಆ ಕಡೆ ಹೋದ್ರೆ ಪ್ಲಸ್ಸು ಮೈನಸ್ಸಾಗುತ್ತೆ" ಅಂತ ಬಾಯಿಪಾಠ ಮಾಡಿಸುವ ಕೆಲಸವೇ ಬೀಳಲಿಲ್ಲ. ಆದರೆ ಈಗಿನ ಮಕ್ಕಳು ಅಂಗಡಿಯಲ್ಲಿ ನೋಡುವುದು ಎಲೆಕ್ಟ್ರಾನಿಕ್ ತೂಕವನ್ನೇ. ತಕ್ಕಡಿ ಪರಿಚಯಕ್ಕೇ ಅರ್ಧ ಗಂಟೆ ಹೋಯಿತು. ಎಕ್ಸ್ + 5 = 2 ಬಂದಾಗಲಂತೂ ಉತ್ತರ ಮೈನಸ್ 3, ತಕ್ಕಡಿಯಲ್ಲಿ ಏನಿಡುವುದು?

ಆಟೋ ಬಾಡಿಗೆ ನಮ್ಮ ಬೆಂಗಳೂರಿನ ಮಕ್ಕಳಿಗೆ ತೀರಾ ಹತ್ತಿರದ್ದು. 2025ರ ಆಗಸ್ಟ್‌ನಿಂದ ಮೊದಲ 2 ಕಿಲೋಮೀಟರ್‌ಗೆ 36 ರೂಪಾಯಿ, ಆಮೇಲೆ ಪ್ರತಿ ಕಿಲೋಮೀಟರ್‌ಗೆ 18. ದೂರವನ್ನು 'ಕಿ' ಅಂದರೆ 36 + 18(ಕಿ − 2). ಬ್ರಾಕೆಟ್ ಬಿಡಿಸಿದರೆ 36 + 18ಕಿ − 36. ಎರಡು 36 ಹೊಡೆದುಹೋಗಿ ಬರೀ 18ಕಿ ಉಳಿಯುತ್ತದೆ! "ಹಂಗಾದ್ರೆ ಎರಡು ಕಿಲೋಮೀಟರ್ ದಾಟಿದ್ರೆ ಮಿನಿಮಮ್ ಅನ್ನೋದೇ ಇಲ್ಲ ಮಿಸ್" ಅಂದ ಒಬ್ಬ. ತುಂಬಾ ಖುಷಿಯಾಯಿತು. ಆದರೆ ಬ್ರಾಕೆಟ್ ಬಿಡಿಸಲು ಬರದವರಿಗೆ ಇದು ದಕ್ಕುವುದಿಲ್ಲ. ಮೊದಲ ದಿನಕ್ಕಲ್ಲ.

ಮೊದಲ ದಿನಕ್ಕೆ ನನ್ನ ಆಯ್ಕೆ ಬೆಂಕಿಕಡ್ಡಿ. ಒಂದು ಚೌಕಕ್ಕೆ 4 ಕಡ್ಡಿ. ಅದಕ್ಕೆ ಅಂಟಿಸಿ ಇನ್ನೊಂದು ಚೌಕ ಮಾಡಿದರೆ 7, ಮೂರಕ್ಕೆ 10. "100 ಚೌಕಕ್ಕೆ ಎಷ್ಟು?" ಅಂತ ಕೇಳಿ ಸುಮ್ನೆ ಕೂತೆ. ಕಡ್ಡಿ ಮುಗಿದವು, ನೆಲವೂ ಸಾಲಲಿಲ್ಲ. ಆಗ ಯೋಚನೆ ಶುರುವಾಯಿತು. ಒಬ್ಬಳು ಎಡಗಡೆ ಕಡ್ಡಿಯೊಂದನ್ನು ಬೇರೆ ಇಟ್ಟು, ಪ್ರತಿ ಚೌಕಕ್ಕೆ ಮೂರು ಎಣಿಸಿದಳು. ಚೌಕಗಳ ಸಂಖ್ಯೆಯನ್ನು 'ನ' ಅಂದರೆ 1 + 3ನ. ಇನ್ನೊಬ್ಬ ಮೊದಲ ಚೌಕಕ್ಕೆ ನಾಲ್ಕು, ಉಳಿದವಕ್ಕೆ ಮೂರು ಮೂರು ಅಂದ: 4 + 3(ನ − 1). ಮತ್ತೊಬ್ಬ ಮಲಗಿದ ಕಡ್ಡಿ ಬೇರೆ, ನಿಂತ ಕಡ್ಡಿ ಬೇರೆ ಮಾಡಿದ: 2ನ + (ನ + 1). ಮೂವರಿಗೂ 301 ಬಂತು. ಯಾರದ್ದು ಸರಿ ಅಂತ ಕಾಲು ಗಂಟೆ ಜಗಳ. ಮೂರೂ ಒಂದೇ ಅಂತ ತೋರಿಸಲು ಬೀಜಗಣಿತ ಬೇಕು ಅಂತ ಅವರಿಗೇ ಅನ್ನಿಸಿತು. ಇಲ್ಲಿ 'ನ' ಚೌಕಗಳ ಸಂಖ್ಯೆಯೇ ಹೊರತು ಚೌಕವಲ್ಲ, ಹಾಗಾಗಿ ಹಣ್ಣಿನ ಗೊಂದಲವೂ ಬರಲಿಲ್ಲ.

"ಗಣಿತದಲ್ಲಿ ಅಕ್ಷರ ಯಾಕೆ?" ಅಂದವನಿಗೆ 12ನೇ ಶತಮಾನದ ಭಾಸ್ಕರಾಚಾರ್ಯರ ವಿಷಯ ಹೇಳಿದೆ. ಗೊತ್ತಿಲ್ಲದ ಸಂಖ್ಯೆಗೆ ಅವರು 'ಯಾವತ್ ತಾವತ್' ಅನ್ನುತ್ತಿದ್ದರು, ಅಂದರೆ 'ಎಷ್ಟೋ ಅಷ್ಟು'. ಚಿಕ್ಕದಾಗಿ 'ಯಾ'. ಇನ್ನೂ ಬೇಕಾದರೆ ಬಣ್ಣದ ಹೆಸರು: ಕಾಲಕಕ್ಕೆ (ಅಂದರೆ ಕಪ್ಪಿಗೆ) 'ಕಾ', ನೀಲಕಕ್ಕೆ 'ನೀ'.

ಈ ವರ್ಷ ಮೊದಲ ದಿನ ಬೆಂಕಿಕಡ್ಡಿ, ಸಮೀಕರಣ ಬಂದಾಗ ತಕ್ಕಡಿ, ಬ್ರಾಕೆಟ್ ಕಲಿತ ಮೇಲೆ ಆಟೋ ಅಂತ ಇಟ್ಟುಕೊಂಡಿದ್ದೇನೆ. ಕಡ್ಡಿಯ ಮದ್ದನ್ನು ಮಾತ್ರ ಮೊದಲೇ ಮುರಿದಿಡಿ.