ಚಳಿಗಾಲದಲ್ಲಿ ಮನೆಯೊಳಗೇ ಉಳಿದವರಿಗೆ ಆಟ: ಯಾವುದು ಗೆದ್ದಿತು, ಯಾವುದು ಸೋತಿತು

ಚಳಿ ಜೋರಾದರೆ ನಮ್ಮ ನಾಯಿ ಬ್ರೂನೊನ ಸಂಜೆಯ ಸುತ್ತಾಟ ಬೀದಿ ತುದಿಗೇ ಮುಗಿದುಹೋಗುತ್ತದೆ. ಬೆಕ್ಕು ಪುಟ್ಟಿ ಹೊರಗೆ ಹೋಗುವವಳೇ ಅಲ್ಲ. ಆದರೂ ಕಿಟಕಿಗಳೆಲ್ಲ ಮುಚ್ಚಿರುವ ಈ ತಿಂಗಳುಗಳಲ್ಲಿ ಅವಳಿಗೂ ಹೊಸ ವಾಸನೆಯಿಲ್ಲ, ಹೊಸ ಸದ್ದಿಲ್ಲ. ಇವನು ಸೋಫಾದ ಅಂಚು ಕಡಿಯುತ್ತಾನೆ, ಅವಳು ನಸುಕಿನಲ್ಲಿ ನನ್ನ ಕಾಲ್ಬೆರಳಿಗೆ ಹೊಂಚು ಹಾಕುತ್ತಾಳೆ. ಹಾಗಾಗಿ ಅಂಗಡಿಯ ಆಟಿಕೆಗಳನ್ನೂ ಮನೆಯಲ್ಲೇ ಮಾಡಿದವನ್ನೂ ಒಂದರ ಎದುರು ಒಂದಿಟ್ಟು ಆಡಿಸಿ ನೋಡಿದೆ. ಅಂಕ ಕೊಟ್ಟದ್ದು ಆಟ ನಿಂತ ಮೇಲಿನ ನಡವಳಿಕೆಗೆ: ಮೈ ಚಾಚಿ ಮಲಗಿದರೆ ಪಾಸ್, ಇನ್ನೂ ಕೋಣೆಯಿಂದ ಕೋಣೆಗೆ ಅಲೆಯುತ್ತಿದ್ದರೆ ಫೇಲ್.

ನಾಯಿಗೆ ಮೊದಲ ಪಂದ್ಯ ಪಜಲ್ ಬೋರ್ಡಿಗೂ ಹುಡುಕಾಟಕ್ಕೂ. ಮುಚ್ಚಳ ಸರಿಸಿ ತಿಂಡಿ ತೆಗೆಯುವ ಆ ಪ್ಲಾಸ್ಟಿಕ್ ಹಲಗೆಯ ಮುಂದೆ ಬ್ರೂನೊ ಮೊದಮೊದಲು ತಲೆ ಓರೆ ಮಾಡಿ ಯೋಚಿಸುತ್ತಿದ್ದ. ಆಮೇಲೆ ಗುಟ್ಟು ಗೊತ್ತಾಯಿತು: ಹಲಗೆಯನ್ನೇ ಬೋರಲು ಹಾಕಿದರೆ ಎಲ್ಲವೂ ಒಟ್ಟಿಗೇ ಸಿಗುತ್ತದೆ! ಅಲ್ಲಿಗೆ ಅದು ಬರೀ ತಟ್ಟೆಯಾಯಿತು. ಸಂದುಗಳಲ್ಲಿ ಅಂಟಿದ ಜೊಲ್ಲು ತೊಳೆಯುವ ಕೆಲಸ ನನಗೆ ಉಳಿಯಿತು.

ಹುಡುಕಾಟಕ್ಕೆ ಬೇಕಾದದ್ದು ಒಂದು ಹಳೇ ಟವೆಲ್, ಅವನ ಊಟದಿಂದಲೇ ತೆಗೆದ ಒಂದು ಹಿಡಿ ಒಣ ಆಹಾರದ ಕಾಳು. ಟವೆಲ್ ಮೇಲೆ ಕಾಳು ಚೆಲ್ಲಿ ಸುರುಳಿ ಸುತ್ತಿ ಕೊಟ್ಟರೆ ಮೂಗಿನಿಂದಲೇ ಬಿಚ್ಚುತ್ತಾನೆ. ಅದು ಸಲೀಸಾದ ಮೇಲೆ ಅವನನ್ನು ಹೊರಗೆ ಬಿಟ್ಟು ಬಾಗಿಲು ಹಾಕಿ, ಕುರ್ಚಿ ಕಾಲಿನ ಹಿಂದೆ, ಚಾಪೆಯ ಅಂಚಿನಡಿ, ಪುಸ್ತಕದ ಕಪಾಟಿನ ಕೆಳಗಿನ ಅರೆಯಲ್ಲಿ ಕಾಳು ಬಚ್ಚಿಡುತ್ತೇನೆ. ಒಳಗೆ ಬಂದವನ ಉಸಿರೇ ಬದಲಾಗುತ್ತದೆ. ಸುಂಯ್ ಸುಂಯ್ ಎಂದು ಗಬಗಬನೆ ಮೂಸುತ್ತಾನೆ, ಒಮ್ಮೆ ಜೋರಾಗಿ ಉಸಿರು ಬಿಡುತ್ತಾನೆ. ಕಾಳನ್ನು ದಾಟಿ ಎರಡು ಹೆಜ್ಜೆ ಹೋದವನು ಗಕ್ಕನೆ ಕತ್ತು ತಿರುಗಿಸಿ ವಾಪಸ್ ಬರುತ್ತಾನೆ. ನಮ್ಮ ಮೂಗಿನಲ್ಲಿ ವಾಸನೆ ಗ್ರಹಿಸುವ ಕೋಶಗಳು ಸುಮಾರು 60 ಲಕ್ಷವಾದರೆ ನಾಯಿಯಲ್ಲಿ 30 ಕೋಟಿಯವರೆಗೆ ಎನ್ನುತ್ತಾರೆ. ಅಷ್ಟು ದೊಡ್ಡ ಯಂತ್ರಕ್ಕೆ ಮನೆಯೊಳಗೆ ಕೆಲಸವೇ ಇಲ್ಲದಿದ್ದರೆ ಸೋಫಾ ಉಳಿದೀತೆ? 2019ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಎರಡು ವಾರ ಮೂಸಿ ಹುಡುಕುವ ಆಟ ಆಡಿದ ನಾಯಿಗಳು, ಮಾಲೀಕರ ಪಕ್ಕದಲ್ಲಿ ಶಿಸ್ತಾಗಿ ನಡೆಯುವುದನ್ನು ಅಭ್ಯಾಸ ಮಾಡಿದ ನಾಯಿಗಳಿಗಿಂತ ಹೆಚ್ಚು ಆಶಾವಾದಿಯಾಗಿ ವರ್ತಿಸಿದ್ದವು. ಒಳಗೆ ಊಟ ಇದೆಯೋ ಇಲ್ಲವೋ ಗೊತ್ತಿಲ್ಲದ ಬಟ್ಟಲಿನತ್ತ ಬೇಗ ಓಡಿದ್ದವು. ನನ್ನ ಅಂಕವೂ ಹುಡುಕಾಟಕ್ಕೇ. ಮುಗಿದ ಮೇಲೆ ಬ್ರೂನೊ ಗೊರಕೆ ಹೊಡೆಯುತ್ತಾನೆ. ಬಟ್ಟೆ ನುಂಗುವ ಚಟದ ನಾಯಿಗೆ ಮಾತ್ರ ಟವೆಲ್ ಕೊಡಬೇಡಿ.

ನೆನೆಸಿದ ಆಹಾರ ತುಂಬಿ ಫ್ರೀಜರಿನಲ್ಲಿಟ್ಟ ರಬ್ಬರ್ ಆಟಿಕೆ ಎರಡನೇ ಸ್ಥಾನದಲ್ಲಿದೆ. ತಲೆಗೆ ಅಂಥ ಕೆಲಸವೇನಿಲ್ಲ. ಆದರೆ ನಾನು ಫೋನಿನಲ್ಲಿರುವಾಗ ಒಂದೇ ಕಡೆ ಕೂತು ನೆಕ್ಕುತ್ತಾನೆ, ಅಷ್ಟು ಸಾಕು. ಪೀನಟ್ ಬಟರ್ ಹಾಕುವವರು ಡಬ್ಬಿಯ ಮೇಲೆ ಕ್ಸೈಲಿಟಾಲ್ (ಸಕ್ಕರೆ ಬದಲು ಹಾಕುವ ಸಿಹಿಕಾರಕ) ಎಂದಿದೆಯೇ ನೋಡಲೇಬೇಕು. ಅದು ನಾಯಿಗೆ ವಿಷ.

ಬೆಕ್ಕಿನ ಲೆಕ್ಕವೇ ಬೇರೆ. ಅದೇ ಪಜಲ್ ಬೋರ್ಡನ್ನು ಪುಟ್ಟಿಯ ಮುಂದಿಟ್ಟರೆ ಅದನ್ನೊಮ್ಮೆ, ನನ್ನನ್ನೊಮ್ಮೆ ನೋಡಿ ಎದ್ದು ಹೋದಳು. ಇದು ಸೊಕ್ಕು ಎಂದುಕೊಳ್ಳಬೇಡಿ. ಇಲಿ, ಪಾರಿವಾಳಗಳಂಥ ಅನೇಕ ಪ್ರಾಣಿಗಳು ಪಕ್ಕದಲ್ಲಿ ಪುಕ್ಕಟೆ ಊಟವಿದ್ದರೂ ದುಡಿದು ತಿನ್ನಲು ಹೋಗುತ್ತವೆ ಎನ್ನುವುದು 1960ರ ದಶಕದಿಂದಲೇ ಪ್ರಯೋಗಗಳಲ್ಲಿ ಕಂಡಿದೆ. 2021ರಲ್ಲಿ ಮನೆಬೆಕ್ಕುಗಳನ್ನು ಪರೀಕ್ಷಿಸಿದಾಗ ಹೆಚ್ಚಿನವು ಪುಕ್ಕಟೆ ತಟ್ಟೆಯನ್ನೇ ಆರಿಸಿಕೊಂಡವು.

ಬೇಟೆಯಾದರೆ ಪುಟ್ಟಿ ಸದಾ ಸಿದ್ಧ. ಇಲ್ಲಿ ಪೈಪೋಟಿ ಲೇಸರ್ ದೀಪಕ್ಕೂ ಕೋಲಿಗೆ ದಾರದಿಂದ ಕಟ್ಟಿದ ಗರಿಗೂ. ಲೇಸರಿಗೆ ಗೋಡೆ ಹತ್ತುವಷ್ಟು ಹುರುಪು, ನಿಜ. ಆದರೆ ದೀಪ ಆರಿಸಿದ ಮೇಲೆ ಆ ಚುಕ್ಕಿ ಮಾಯವಾದ ಜಾಗವನ್ನೇ ಮೂಸುತ್ತ, ಕಪಾಟಿನ ಹಿಂದೆ ಇಣುಕುತ್ತ ಬಹಳ ಹೊತ್ತು ಕೂರುತ್ತಾಳೆ. ನನ್ನ ಲೆಕ್ಕದಲ್ಲಿ ಇದು ಸ್ಪಷ್ಟ ಫೇಲ್. 600ಕ್ಕೂ ಹೆಚ್ಚು ಬೆಕ್ಕು ಸಾಕಿದವರ ಒಂದು ಸಮೀಕ್ಷೆಯಲ್ಲಿ, ಲೇಸರ್ ಆಟ ಹೆಚ್ಚಾದ ಮನೆಗಳಲ್ಲಿ ನೆರಳು, ಬೆಳಕಿನ ಬೆನ್ನು ಹತ್ತುವಂಥ ಗೀಳೂ ಹೆಚ್ಚಾಗಿ ವರದಿಯಾಗಿತ್ತು. ಲೇಸರೇ ಕಾರಣವೆಂದು ಅದರಿಂದ ಸಾಬೀತಾಗುವುದಿಲ್ಲ, ಆದರೂ ನನ್ನ ದೀಪ ಈಗ ಡ್ರಾಯರಿನಲ್ಲಿದೆ.

ಗರಿಯನ್ನು ಮುಖದ ಮುಂದೆ ಆಡಿಸಿದರೆ ಪ್ರಯೋಜನವಿಲ್ಲ. ಅವಳಿಂದ ದೂರಕ್ಕೆ ಎಳೆಯಬೇಕು, ದಿಂಬಿನ ಮರೆಗೆ ಸರಿಸಿ ನಿಲ್ಲಿಸಬೇಕು. ತುದಿ ಮಾತ್ರ ಕಾಣುತ್ತಿರಲಿ. ಆಗ ಕಿವಿ ಮುಂದಕ್ಕೆ, ಹಿಂಬದಿ ಅತ್ತಿತ್ತ, ಆಮೇಲೆ ಜಿಗಿತ. ಹಿಡಿಯಲು ಬಿಡಿ, ಕಚ್ಚಲಿ. ಕೂಡಲೇ ರಾತ್ರಿಯ ಊಟ ಬಡಿಸಿದರೆ ತಿಂದು, ಮೈ ನೆಕ್ಕಿಕೊಂಡು, ನಿದ್ದೆಗೆ ಜಾರುತ್ತಾಳೆ. ಮಲಗುವ ಮುಂಚೆ ಹೀಗೆ ಆಡಿಸುವುದು ರೂಢಿಯಾದ ಮೇಲೆ ನನ್ನ ಕಾಲ್ಬೆರಳು ಕ್ಷೇಮ. ಆಟವಾದ ಮೇಲೆ ಕೋಲನ್ನು ಬೀಗದೊಳಗೆ ಇಡಿ. ನುಂಗಿದ ದಾರ ಬೆಕ್ಕಿನ ಕರುಳನ್ನೇ ಕೊಯ್ಯಬಲ್ಲದು.

ಟೀವಿಯ ಹಕ್ಕಿಗಳಿಗಿಂತ ಕಿಟಕಿ ಪಕ್ಕದ ಕಂಬಳಿ ಹಾಸಿದ ಸ್ಟೂಲ್ ಮೇಲು, ತಂಗಾಳಿ ನುಗ್ಗದಂತಿದ್ದರೆ. ಬೆಕ್ಕುಗಳನ್ನು ಸೆಳೆಯುವ ಕ್ಯಾಟ್‌ನಿಪ್ ಎಂಬ ಗಿಡದ ವಾಸನೆಗೆ ಮೂರರಲ್ಲಿ ಸುಮಾರು ಎರಡು ಬೆಕ್ಕು ಮಾತ್ರ ಮರುಳಾಗುತ್ತವೆ, ಅದೂ ಹತ್ತು ಹದಿನೈದು ನಿಮಿಷ. ಪುಟ್ಟಿ ಆ ಮೂರನೆಯವಳು.

ವಯಸ್ಸಾದ ನಾಯಿ, ಬೆಕ್ಕುಗಳಿಗೆ ಜಿಗಿತವಿಲ್ಲದ ಆಟವೇ ಸರಿ. ಕಾಳನ್ನು ನೆಲದ ಮಟ್ಟದಲ್ಲೇ ಬಚ್ಚಿಡಿ. ಸದಾ ಆಡುತ್ತಿದ್ದ ಪ್ರಾಣಿ ಇದ್ದಕ್ಕಿದ್ದಂತೆ ಮೂಲೆ ಹಿಡಿದರೆ ಹೊಸ ಆಟಿಕೆ ತರುವ ಮೊದಲು ಕೀಲುನೋವು ಇದೆಯೇ ಎಂದು ಪಶುವೈದ್ಯರಿಗೆ ತೋರಿಸಿ.