ಪೊಟ್ಟಣ ಕಟ್ಟಿಕೊಡುವ ಮೊಣಕಾಲು ನೋವಿನ ಗುಳಿಗೆ: ದಯವಿಟ್ಟು ಹುಷಾರು

ಮೊಣಕಾಲು ನೋವು, ಸೊಂಟ ನೋವು ಅಂತ ಮೆಡಿಕಲ್‌ಗೆ ಹೋದರೆ ಸ್ಟ್ರಿಪ್‌ನಿಂದ ಗುಳಿಗೆ ಬಿಡಿಸಿ, ಕಾಗದದಲ್ಲಿ ಪೊಟ್ಟಣ ಕಟ್ಟಿ ಕೊಡ್ತಾರಲ್ಲ, ಅದರ ಬಗ್ಗೆ ಈ ಬರಹ. ನಮ್ಮ ಕಲಬುರಗಿ ಕಡೆ ಇದು ಎಷ್ಟು ಮಾಮೂಲಿ ಅಂದ್ರೆ ಯಾರಿಗೂ ತಪ್ಪು ಅನಿಸುವುದೇ ಇಲ್ಲ. ಬೆಳಿಗ್ಗೆ ಒಂದು ಪೊಟ್ಟಣ, ರಾತ್ರಿ ಒಂದು ಪೊಟ್ಟಣ. ಒಳಗೆ ಏನಿದೆ ಅನ್ನುವುದು ಕಟ್ಟಿದವನಿಗೆ ಮಾತ್ರ ಗೊತ್ತು. ನಮ್ಮ ಕಾಕಾ ಇದನ್ನು ನುಂಗಿ ನುಂಗಿ ಐಸಿಯು ಸೇರಿದರು. ಅಂಗಡಿಯ ಹೆಸರು ಹಾಕುತ್ತಿಲ್ಲ. ಹಾಕಿದರೂ ಉಪಯೋಗ ಅಷ್ಟಕ್ಕಷ್ಟೇ, ಇಂಥ ಅಂಗಡಿ ಒಂದೇ ಇದ್ದರೆ ತಾನೇ?

ಕಾಕಾಗೆ ಅರವತ್ತು ದಾಟಿದೆ. ಜೇವರ್ಗಿ ಕಡೆ ಹೊಲ ಇದೆ, ತೊಗರಿ ಹಾಕ್ತಾರೆ. ಬಿಪಿ ಇದೆ, ಡಾಕ್ಟರ್ ಬರೆದುಕೊಟ್ಟ ಗುಳಿಗೆಯನ್ನು ಒಂದು ದಿನವೂ ತಪ್ಪಿಸದೆ ತಗೊಳ್ಳುತ್ತಿದ್ದರು. ತೊಗರಿ ರಾಶಿ ಮುಗಿಯುವ ಹೊತ್ತಿಗೆ ಮೊಣಕಾಲು ಹಿಡಿದುಕೊಂಡಿತು. ಕೂತರೆ ಏಳೋಕೆ ಆಗಲ್ಲ, ಎದ್ದರೆ ಕೂರೋಕೆ ಆಗಲ್ಲ. ಯಾರೋ ಹೇಳಿದರು ಅಂತ ಸಂತೆಗೆ ಹೋದಾಗ ಒಂದು ಮೆಡಿಕಲ್‌ನಲ್ಲಿ ಪೊಟ್ಟಣ ತಗೊಂಡರು. ಎರಡೇ ದಿನಕ್ಕೆ ಸರಸರ ನಡೆದಾಡತೊಡಗಿದರು.

"ದೊಡ್ಡ ಡಾಕ್ಟರ್ ಕಡಿ ಹೋದ್ರ ಎಕ್ಸ್‌ರೇ ತೆಗಿ, ರಕ್ತ ತೆಗಿ ಅಂತಾರ. ಇವ ನೋಡು, ಐವತ್ತು ರೂಪಾಯಿದಾಗ ನಡಿಯಂಗ ಮಾಡ್ಯಾನ" ಅಂತ ಊರಿಗೆಲ್ಲ ಹೇಳಿಕೊಂಡು ಓಡಾಡಿದರು. ಅವರ ಮಾತು ಕೇಳಿ ಇನ್ನೊಂದಿಷ್ಟು ಜನ ಅದೇ ಅಂಗಡಿಗೆ ಹೋದರು. ಇಂಥ ಅಂಗಡಿಗೆ ಬೋರ್ಡೇ ಬೇಕಾಗಿಲ್ಲ.

ಯುಗಾದಿ ಹೊತ್ತಿಗೆ ಕಾಕಾನ ಮುಖ ದುಂಡಗಾಗಿತ್ತು. ಊಟ ಜಾಸ್ತಿಯಾಗಿತ್ತು. "ಕಾಕಾ ಮೈ ಹಿಡದಾರ" ಅಂತ ಮನೆಯವರಿಗೆಲ್ಲ ಖುಷಿ. ಕಾಕಿ ಮಾತ್ರ ಒಂದು ಮಾತು ಅಂದಿದ್ದರು, "ರಾತ್ರಿ ನಾಕ್ ನಾಕ್ ಸಲ ಏಳ್ತಾರ, ನಿದ್ದಿನೇ ಮಾಡಂಗಿಲ್ಲ" ಅಂತ. ಮೊಣಕೈ ಕೆಳಗೆ ಅಲ್ಲಲ್ಲಿ ನೀಲಿ ಕಲೆ ಬೇರೆ. ಎಲ್ಲೋ ತಾಗಿರಬೇಕು ಅಂತ ಅದನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲ.

ಮೇ ತಿಂಗಳ ನಮ್ಮ ಬಿಸಿಲು ಹೇಳಬೇಕಾಗಿಲ್ಲ. ಒಂದು ಮದುವೆಯಲ್ಲಿ ಶಾಮಿಯಾನದ ಕೆಳಗೆ ದಿನವಿಡೀ ಓಡಾಡಿದ್ದಾರೆ. ಮರುದಿನ ಭೇದಿ, ಆಮೇಲೆ ವಾಂತಿ. ಅದರ ಮಧ್ಯೆಯೂ ಬಿಪಿ ಗುಳಿಗೆ ಮತ್ತು ಪೊಟ್ಟಣ ಎರಡೂ ನಡೆದೇ ಇತ್ತು. ನೋವು ತಡೆಯಲ್ಲ ಅಂತ ಒಂದು ಪೊಟ್ಟಣ ಜಾಸ್ತಿಯೇ ಹೋಯಿತು. ಕೊನೆಗೆ ನುಂಗಿದ್ದೆಲ್ಲ ವಾಂತಿಯಾಗತೊಡಗಿತು. ಮೂತ್ರ ನಿಂತೇ ಹೋಯಿತು ಅನ್ನುವ ಸ್ಥಿತಿ. ಕಲಬುರಗಿಗೆ ಕರೆತರುವಷ್ಟರಲ್ಲಿ ಬಿಪಿ 80/50ಕ್ಕೆ ಇಳಿದಿತ್ತು. ಕಿಡ್ನಿ ಎಷ್ಟು ಸೋಸುತ್ತಿದೆ ಅಂತ ತೋರಿಸುವ ರಕ್ತದ ಕ್ರಿಯಾಟಿನಿನ್ 4.1. ಸಾಮಾನ್ಯವಾಗಿ ಅದು 1.3ರ ಒಳಗೆ ಇರಬೇಕು.

ಡಾಕ್ಟರ್ ಮೊದಲು ಕೇಳಿದ್ದೇ, "ಏನೇನು ಗುಳಿಗೆ ತಗೋತಾರೆ?" ಅಂತ. ಕಾಕಿ ಚೀಲದಿಂದ ಒಂದು ಪೊಟ್ಟಣ ತೆಗೆದು ಕೊಟ್ಟರು. ಅವರು ಅದನ್ನು ಮೇಜಿನ ಮೇಲೆ ಬಿಚ್ಚಿದರು. ಒಂದು ಉದ್ದನೆಯ ಕಿತ್ತಳೆ ಬಣ್ಣದ್ದು, ಬೆವರಿಗೆ ಅರ್ಧ ಬಣ್ಣ ಬಿಟ್ಟ ಒಂದು ದುಂಡಗಿನ ಗುಳಿಗೆ, ಒಂದು ಕ್ಯಾಪ್ಸೂಲ್, ಮತ್ತೆ ಜೋಳದ ಕಾಳಿಗಿಂತ ಚೂರು ದೊಡ್ಡದಾದ ಒಂದು ಬಿಳಿ ಗುಳಿಗೆ. ಯಾವುದರ ಮೇಲೂ ಅಕ್ಷರ ಇಲ್ಲ. ಡಾಕ್ಟರ್ ಆ ಸಣ್ಣ ಗುಳಿಗೆ ನೋಡಿದರು, ಕಾಕಾನ ಮುಖ ನೋಡಿದರು, ತೋಳೆತ್ತಿ ನೀಲಿ ಕಲೆ ನೋಡಿದರು. "ಇದು ಸ್ಟೆರಾಯ್ಡ್ ಇರಬಹುದು. ಹೆಸರು ಬೇಕು ನಂಗೆ, ಈಗಲೇ" ಅಂದರು. ಹೆಸರಿಗಾಗಿ ಕಾಯದೆ ಹೈಡ್ರೊಕಾರ್ಟಿಸೋನ್ ಸೂಜಿ (ಅದೂ ಸ್ಟೆರಾಯ್ಡೇ, ಯಾಕೆ ಅಂತ ಮುಂದೆ ಹೇಳ್ತೀನಿ) ಮಾಡಿಸಿ, ಸಲಾಯಿನ್ ಹಚ್ಚಿಸಿದರು.

ಕಾಕಾನ ಮಗ ಬೈಕ್ ಹತ್ತಿ ಅಂಗಡಿಗೆ ಹೋದ. ಅಂಗಡಿಯವನ ಉತ್ತರ ಕೇಳಿ: "ಒಂದ್ ನೋವಿಂದು, ಒಂದ್ ಬಾವಿಂದು, ಒಂದ್ ಗ್ಯಾಸಿಂದು, ಒಂದ್ ಶಕ್ತಿದು ಅದರಿ." ಅಪ್ಪ ಐಸಿಯುದಲ್ಲಿದ್ದಾನೆ ಅಂದ ಮೇಲೆಯೇ ಸ್ಟ್ರಿಪ್ ಹೊರಗೆ ಬಂದವು. ಮಗ ಅವುಗಳ ಹಿಂಭಾಗದ ಫೋಟೋ ತೆಗೆದು ವಾಟ್ಸಾಪ್ ಮಾಡಿದ.

ನೋವಿನದು ಅಂದದ್ದು ಆಸಿಕ್ಲೋಫೆನಾಕ್ 100 ಮಿಲಿಗ್ರಾಂ ಜೊತೆ ಪ್ಯಾರಾಸಿಟಮಾಲ್ 325. ಬಾವಿನದು ಅಂದದ್ದು ಡೈಕ್ಲೋಫೆನಾಕ್ 50. ಹೆಸರು ಬೇರೆ, ಕಂಪನಿ ಬೇರೆ, ಬಣ್ಣ ಬೇರೆ. ಆದರೆ ಆಸಿಕ್ಲೋಫೆನಾಕ್, ಡೈಕ್ಲೋಫೆನಾಕ್ ಎರಡೂ ಒಂದೇ ಮನೆತನದ ಔಷಧಗಳು. ಎರಡನ್ನೂ ಒಟ್ಟಿಗೆ ಕೊಟ್ಟರೆ ನೋವು ಎರಡು ಪಟ್ಟು ಕಡಿಮೆಯಾಗಲ್ಲ, ಹೊಟ್ಟೆಗೂ ಕಿಡ್ನಿಗೂ ಆಗುವ ತೊಂದರೆ ಮಾತ್ರ ಜಾಸ್ತಿಯಾಗುತ್ತದೆ. ಕ್ಯಾಪ್ಸೂಲ್ ಗ್ಯಾಸಿನದೇ, ಅದು ನಿಜ. ಇನ್ನು "ಶಕ್ತಿದು" ಅಂದ ಆ ಸಣ್ಣ ಗುಳಿಗೆ ಡೆಕ್ಸಾಮೆಥಾಸೋನ್. ಅಂದ್ರೆ ಸ್ಟೆರಾಯ್ಡ್. ಶಕ್ತಿಯ ಗುಳಿಗೆಯಂತೆ!

ಕಿಡ್ನಿ ಹೇಗೆ ಕೆಟ್ಟಿತು ಅಂತ ಡಾಕ್ಟರ್ ಬಿಡಿಸಿ ಹೇಳಿದರು. ಇದನ್ನು ಬಿಪಿ ಇರುವ ಪ್ರತಿ ಮನೆಯವರೂ ತಿಳಿದಿರಬೇಕು ಅಂತ ನನಗೆ ಅನಿಸುತ್ತದೆ. ಕಾಕಾನ ಬಿಪಿ ಗುಳಿಗೆಯಲ್ಲಿ ಎರಡು ಔಷಧ ಇದ್ದವು, ಟೆಲ್ಮಿಸಾರ್ಟಾನ್ ಮತ್ತು ಹೈಡ್ರೊಕ್ಲೋರೋಥಯಾಝೈಡ್. ಎರಡನೆಯದು ಮೂತ್ರದ ಮೂಲಕ ಉಪ್ಪು, ನೀರನ್ನು ಹೊರಹಾಕುತ್ತದೆ. ಮೊದಲನೆಯದು ಕಿಡ್ನಿಯ ಸೋಸುವ ಜಾಗದಿಂದ ರಕ್ತ ಹೊರಹೋಗುವ ನಾಳವನ್ನು ಸಡಿಲ ಮಾಡುತ್ತದೆ. ಮಾಮೂಲಿ ದಿನಗಳಲ್ಲಿ ಇದರಿಂದ ಒಳ್ಳೆಯದೇ. ನೋವಿನ ಗುಳಿಗೆ ರಕ್ತ ಒಳಬರುವ ನಾಳವನ್ನು ಬಿಗಿ ಮಾಡುತ್ತದೆ. ಈಗ ಒಳಗೆ ಬರುವುದು ಕಡಿಮೆ, ಹೊರಗೆ ಹೋಗುವುದು ಸಲೀಸು, ಮೈಯಲ್ಲಿ ನೀರೇ ಇಲ್ಲ. ಸೋಸೋಕೆ ಒತ್ತಡ ಎಲ್ಲಿಂದ ಬರಬೇಕು? ಅದರ ಮೇಲೆ ಭೇದಿ, 43 ಡಿಗ್ರಿ ಬಿಸಿಲು. ಈ ಮೂರು ಬಗೆಯ ಔಷಧ ಕೂಡಿದರೆ ಕಿಡ್ನಿಗೆ ಕಂಟಕ ಅಂತ ಡಾಕ್ಟರ್‌ಗಳಿಗೆ ಬಹಳ ಹಿಂದಿನಿಂದ ಗೊತ್ತು. ಪೊಟ್ಟಣ ಕಟ್ಟಿದವನು ಕಾಕಾನ ಬಿಪಿ ಗುಳಿಗೆ ಯಾವುದು ಅಂತ ಕೇಳಿಯೇ ಇರಲಿಲ್ಲ.

ಸ್ಟೆರಾಯ್ಡ್ ಕಥೆ ಬೇರೆ. ನೋವು ಎರಡು ದಿನಕ್ಕೆ ಹಾರಿಹೋದದ್ದು, ಹಸಿವು ಹೆಚ್ಚಿದ್ದು, ಮುಖ ದುಂಡಗಾದದ್ದು, ಚರ್ಮ ತೆಳುವಾಗಿ ನೀಲಿ ಕಲೆ ಬಂದದ್ದು, ನಿದ್ದೆ ಕೆಟ್ಟದ್ದು ಎಲ್ಲದರಲ್ಲೂ ಅದರ ಕೈ ಇತ್ತು. ರಾತ್ರಿ ಮೂತ್ರಕ್ಕೆ ಏಳುತ್ತಿದ್ದದ್ದು ಶುಗರ್‌ನಿಂದ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 8.2 ಬಂತು. ಅದಕ್ಕೂ ಮೊದಲು ಕಾಕಾಗೆ ಶುಗರ್ ಇರಲೇ ಇಲ್ಲ. ಇನ್ನೂ ಒಂದು ವಿಷಯ. ನಮ್ಮ ಮೈಯೇ ದಿನಾ ಸ್ವಲ್ಪ ಸ್ಟೆರಾಯ್ಡ್ ತಯಾರಿಸುತ್ತದೆ, ಕಿಡ್ನಿಯ ಮೇಲಿರುವ ಅಡ್ರಿನಲ್ ಗ್ರಂಥಿಯಲ್ಲಿ. ಹೊರಗಿನಿಂದ ವಾರಗಟ್ಟಲೆ ಬರುತ್ತಿದ್ದರೆ ಆ ಗ್ರಂಥಿ ಕೆಲಸ ನಿಲ್ಲಿಸುತ್ತದೆ. ಆಮೇಲೆ ಒಮ್ಮೆಲೇ ಗುಳಿಗೆ ತಪ್ಪಿದರೆ ಮೈಗೆ ಎಲ್ಲಿಂದಲೂ ಸಿಗಲ್ಲ. ಸುಸ್ತು, ವಾಂತಿ, ಬಿಪಿ ಕುಸಿತ, ಜೀವಕ್ಕೇ ಅಪಾಯ. ಕಾಕಾಗೆ ವಾಂತಿಯಿಂದ ಗುಳಿಗೆ ಒಳಗೆ ನಿಲ್ಲದೇ ಹೋದಾಗ ಇದೂ ಸೇರಿಕೊಂಡಿತ್ತು.

ಆದ್ದರಿಂದ ಇದನ್ನು ಓದಿ ಮನೆಯಲ್ಲಿ ಯಾರೂ ನಾಳೆಯಿಂದಲೇ ಪೊಟ್ಟಣ ಬಿಸಾಕಿ ಸುಮ್ನೆ ಕೂರಬೇಡಿ. ತಿಂಗಳುಗಟ್ಟಲೆ ತಗೊಂಡವರು ಅದೇ ಪೊಟ್ಟಣ ಹಿಡಿದುಕೊಂಡು ಎಂಬಿಬಿಎಸ್ ಓದಿದ ಡಾಕ್ಟರ್ ಹತ್ತಿರ ಹೋಗಿ. ಸ್ಟೆರಾಯ್ಡ್ ಇದ್ದರೆ ಅವರು ಸ್ವಲ್ಪ ಸ್ವಲ್ಪವೇ ಇಳಿಸುತ್ತಾರೆ. ಹಾಗಂತ ಸ್ಟೆರಾಯ್ಡ್ ಅಂದ ತಕ್ಷಣ ಹೆದರಿ ಓಡುವುದೂ ಬೇಡ. ಅಸ್ತಮಾ, ಕೆಲವು ಬಗೆಯ ಸಂಧಿವಾತ, ಜೋರು ಅಲರ್ಜಿಗೆ ಅದು ಜೀವ ಉಳಿಸುವ ಔಷಧ. ಯಾಕೆ, ಎಷ್ಟು, ಎಲ್ಲಿವರೆಗೆ ಅಂತ ಗೊತ್ತಿರುವವರ ಕೈಯಿಂದ ಬರಬೇಕು, ಅಷ್ಟೇ.

ಇನ್ನು ಸ್ಟ್ರಿಪ್ ಓದುವುದು. ಕಷ್ಟವೇನಿಲ್ಲ. ದೊಡ್ಡದಾಗಿ ಮಿಂಚುವುದು ಬ್ರ್ಯಾಂಡ್ ಹೆಸರು, ಅದನ್ನು ಬಿಡಿ. ಪ್ರತಿ ಗುಳಿಗೆಯಲ್ಲಿ ಏನಿದೆ ಅಂತ ಸಣ್ಣಕ್ಷರದಲ್ಲಿ ಒಂದು ಸಾಲು ಇರುತ್ತದೆ. ಅಲ್ಲಿ ಔಷಧದ ನಿಜ ಹೆಸರು, ಮುಂದೆ ಐಪಿ ಅಂತ, ಆಮೇಲೆ ಎಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಐಪಿ ಅಂದ್ರೆ ಇಂಡಿಯನ್ ಫಾರ್ಮಕೋಪಿಯಾ, ಅಂದ್ರೆ ನಮ್ಮ ದೇಶದ ಔಷಧಗಳ ಅಧಿಕೃತ ಪುಸ್ತಕ ಹೇಳುವ ಗುಣಮಟ್ಟ. ಮನೆಯಲ್ಲಿರುವ ಎರಡು ಸ್ಟ್ರಿಪ್‌ಗಳಲ್ಲಿ ಅದೇ ಹೆಸರು ಕಂಡರೆ ಅಲ್ಲೇ ನಿಲ್ಲಿ. ಪ್ಯಾರಾಸಿಟಮಾಲ್ ವಿಷಯದಲ್ಲಿ ಈ ಗೋಳು ಜಾಸ್ತಿ. ಜ್ವರಕ್ಕೆ 650, ನೆಗಡಿಯ ಗುಳಿಗೆಯಲ್ಲಿ ಇನ್ನಷ್ಟು, ನೋವಿನ ಗುಳಿಗೆಯಲ್ಲಿ 325. ಗಟ್ಟಿಮುಟ್ಟಾದ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ದಾಟಬಾರದು. ಕುಡಿಯುವವರಿಗೆ, ಲಿವರ್ ತೊಂದರೆ ಇದ್ದವರಿಗೆ ಅದಕ್ಕಿಂತ ಎಷ್ಟೋ ಕಡಿಮೆ.

ಹೆಸರಿನ ಬಾಲ ನೋಡಿದರೂ ಸುಳಿವು ಸಿಗುತ್ತದೆ. ಸಾರ್ಟಾನ್ ಅಂತ ಮುಗಿದರೆ ಬಿಪಿಯದು. ಪ್ರಜೋಲ್ ಅಂತ ಮುಗಿದರೆ ಸಾಮಾನ್ಯವಾಗಿ ಗ್ಯಾಸಿನದು. ಡೆಕ್ಸಾಮೆಥಾಸೋನ್, ಬೀಟಾಮೆಥಾಸೋನ್, ಪ್ರೆಡ್ನಿಸೊಲೋನ್ ಇವೆಲ್ಲ ಸ್ಟೆರಾಯ್ಡ್. ಬ್ರ್ಯಾಂಡ್ ಹೆಸರಿನ ಪಕ್ಕ ಪಿ ಇದ್ದರೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್, ಬಿಪಿ ಗುಳಿಗೆಯ ಪಕ್ಕ ಎಚ್ ಇದ್ದರೆ ಆ ನೀರು ಹೊರಹಾಕುವ ಔಷಧ. ಎಲ್ಲ ಕಂಪನಿಗೂ ಇದೇ ಲೆಕ್ಕ ನಡೆಯಲ್ಲ, ಹಾಗಾಗಿ ಕೊನೆಗೆ ಸಣ್ಣಕ್ಷರದ ಸಾಲೇ ಗತಿ. ಓದೋಕೆ ಬರದ ಹಿರಿಯರಿದ್ದರೆ ಮನೆಯ ಶಾಲೆ ಹುಡುಗರ ಕೈಗೆ ಕೊಡಿ, ಫೋಟೋ ತೆಗೆದು ದೊಡ್ಡದು ಮಾಡಿ ಓದ್ತಾರೆ. 2023ರ ಆಗಸ್ಟ್‌ನಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಸ್ಕ್ಯಾನ್ ಮಾಡಿದರೆ ಔಷಧದ ಹೆಸರು, ತಯಾರಕರು, ಬ್ಯಾಚ್, ಅವಧಿ ಎಲ್ಲ ಸಿಗುತ್ತದೆ. ಪೊಟ್ಟಣಕ್ಕೆ ಇದ್ಯಾವುದೂ ಇಲ್ಲ.

ಸ್ಟ್ರಿಪ್ ಮೇಲೆ ಕೆಂಪು ಗೆರೆ ಇದ್ದರೆ ಡಾಕ್ಟರ್ ಚೀಟಿ ಇಲ್ಲದೆ ಅದನ್ನು ಮಾರುವ ಹಾಗಿಲ್ಲ. ಇನ್ನೂ ಬಿಗಿಯಾದ ಶೆಡ್ಯೂಲ್ ಎಚ್1 ಪಟ್ಟಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಅದರಲ್ಲಿ ಕೆಲವು ಆ್ಯಂಟಿಬಯೋಟಿಕ್, ಟಿಬಿ ಔಷಧ, ಚಟ ಹಿಡಿಸುವ ಕೆಲವು ಗುಳಿಗೆಗಳಿವೆ. ಅವನ್ನು ಮಾರಿದರೆ ಅಂಗಡಿಯವರು ರೋಗಿಯ ಹೆಸರು, ಡಾಕ್ಟರ್ ಹೆಸರು ಬರೆದು ಆ ರಿಜಿಸ್ಟರ್ ಮೂರು ವರ್ಷ ಇಡಬೇಕು. ಕಾನೂನು ಇದೆ. ಸಂತೆಯ ದಿನ ಮೆಡಿಕಲ್ ಮುಂದೆ ನಿಂತು ನೋಡಿದರೆ ಎಷ್ಟು ನಡೆಯುತ್ತದೆ ಅಂತ ನಿಮಗೇ ಗೊತ್ತಾಗುತ್ತದೆ.

ಪೊಟ್ಟಣ ಒಂದೇ ಅಲ್ಲ. ಮೊಣಕಾಲು ನೋವಿಗೆ ಅಂತ ಮಾರುವ ದೇಸಿ ಪುಡಿಗಳಲ್ಲೂ ಸ್ಟೆರಾಯ್ಡ್ ಬೆರೆಸಿದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಉದಾಹರಣೆಗಳಿವೆ. ಗಿಡಮೂಲಿಕೆ ಪುಡಿ ಒಂದೇ ದಿನಕ್ಕೆ ಕುಂಟನನ್ನು ಓಡಿಸಿದರೆ ಅನುಮಾನ ಪಡಬೇಕಲ್ವಾ? ಗಜಕರ್ಣಕ್ಕೆ ಹಚ್ಚುವ ಮುಲಾಮುಗಳದ್ದೂ ಇದೇ ಹಾಡು. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್‌ನಂಥ ಸ್ಟೆರಾಯ್ಡ್ ಇದ್ದರೆ ತುರಿಕೆ ತಕ್ಷಣ ನಿಲ್ಲುತ್ತದೆ, ಒಳಗೆ ಶಿಲೀಂಧ್ರ ಹಬ್ಬುತ್ತಲೇ ಇರುತ್ತದೆ.

ಕಾಕಾಗೆ ಡಯಾಲಿಸಿಸ್ ಬೇಕಾಗಬಹುದು ಅಂದಿದ್ದರು. ಪುಣ್ಯಕ್ಕೆ ಮೂತ್ರ ಶುರುವಾಯಿತು, ಬೇಕಾಗಲಿಲ್ಲ. ಕ್ರಿಯಾಟಿನಿನ್ ಇಳಿದಿದೆ, ಆದರೆ ಮೊದಲಿನಷ್ಟಕ್ಕೆ ಬಂದಿಲ್ಲ. ಸ್ಟೆರಾಯ್ಡ್ ನಿಧಾನಕ್ಕೆ ಇಳಿಸುತ್ತಿದ್ದಾರೆ, ಮುಖದ ಬಾವು ಕರಗುತ್ತಿದೆ. ಮೊಣಕಾಲಿಗೆ ತೊಡೆಯ ವ್ಯಾಯಾಮ, ಬಿಸಿ ಶಾಖ, ನೋವು ಜಾಸ್ತಿಯಾದ ದಿನ ಡಾಕ್ಟರ್ ಹೇಳಿದಷ್ಟು ಪ್ಯಾರಾಸಿಟಮಾಲ್. ಭೇದಿ, ವಾಂತಿ ಶುರುವಾದರೆ ಬಿಪಿ ಗುಳಿಗೆ ಏನು ಮಾಡಬೇಕು ಅಂತ ಅದೇ ದಿನ ಫೋನ್ ಮಾಡಿ ಕೇಳಲು ಹೇಳಿದ್ದಾರೆ. "ಆ ಸಣ್ಣ ಗುಳಿಗಿ ಛಲೋ ಇತ್ತು ನೋಡು" ಅಂತ ಕಾಕಾ ಈಗಲೂ ಒಮ್ಮೊಮ್ಮೆ ಅಂತಾರೆ. ಕಾಕಿ ಬೈತಾರೆ.

ಅಂಗಡಿಯವನ ಮೇಲೆ ಡ್ರಗ್ಸ್ ಇನ್‌ಸ್ಪೆಕ್ಟರ್‌ಗೆ ದೂರು ಕೊಡೋಣ ಅಂತ ಕಾಕಾನ ಮಗ ಹೊರಟ. ಕೈಯಲ್ಲಿ ಒಂದೂ ಬಿಲ್ ಇಲ್ಲ. ಪೊಟ್ಟಣದ ಮೇಲೆ ಅಂಗಡಿಯ ಹೆಸರೂ ಇಲ್ಲ. ನಾನು ಕೊಟ್ಟೇ ಇಲ್ಲ ಅಂದುಬಿಟ್ಟರೆ ಮುಗಿಯಿತು. ಹಾಗಾಗಿ ಹತ್ತು ರೂಪಾಯಿ ಔಷಧವಾದರೂ ಔಷಧದ ಹೆಸರು, ಬ್ಯಾಚ್ ನಂಬರ್ ಇರುವ ಬಿಲ್ ಕೇಳಿ. ಬಿಡಿ ಗುಳಿಗೆ ಬೇಕಾದರೆ ಹೆಸರಿರುವ ತುಂಡನ್ನೇ ಕತ್ತರಿಸಿ ಕೊಡಿ ಅನ್ನಿ, ಇಲ್ಲವಾದರೆ ಇಡೀ ಸ್ಟ್ರಿಪ್‌ನ ಫೋಟೋ ತೆಗೆದುಕೊಳ್ಳಿ. ಯಾವುದೇ ಔಷಧದಿಂದ ಅಡ್ಡಪರಿಣಾಮ ಆದರೆ ತಿಳಿಸಲು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ ಇದೆ, 1800-180-3024. ರೋಗಿಯ ಮನೆಯವರೂ ಮಾಡಬಹುದು. ಅಲ್ಲಿಯೂ ಕೇಳುವ ಮೊದಲ ಪ್ರಶ್ನೆಗಳಲ್ಲಿ ಒಂದು, ಔಷಧದ ಹೆಸರೇನು ಅಂತ.