ಕೀಲಿ ಕೊಡುವ ಕಿಚನ್ ಟೈಮರ್: ಎರಡು ದೀಪಾವಳಿ ಕ್ಲೀನಿಂಗ್ ಕಂಡ ಮೇಲೆ

ಬ್ಯಾಟರಿ ಇಲ್ಲ, ಆ್ಯಪ್ ಇಲ್ಲ. ಮೇಲ್ಭಾಗ ಹಿಡಿದು ತಿರುಗಿಸಿದರೆ ಒಳಗಿನ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಟಿಕ್ ಟಿಕ್ ಅಂತ ಬಿಚ್ಚಿಕೊಳ್ಳುತ್ತಾ ಸೊನ್ನೆಗೆ ಬಂದಾಗ ಗಂಟೆ ಹೊಡೆಯುತ್ತದೆ. ಹೆಚ್ಚೆಂದರೆ 60 ನಿಮಿಷ. ಅಡುಗೆಮನೆಯ ವಸ್ತುವಾದರೂ ನಮ್ಮಲ್ಲಿ ಇದು ಜಾಸ್ತಿ ಹೊತ್ತು ಇರುವುದು ನನ್ನ ಕಂಪ್ಯೂಟರ್ ಪಕ್ಕ. ಮನೆಯಲ್ಲೇ ಕೂತು ಸಣ್ಣ ಅಂಗಡಿಗಳ ಲೆಕ್ಕ, ಜಿಎಸ್‌ಟಿ ರಿಟರ್ನ್ ನೋಡಿಕೊಳ್ಳುವವಳು ನಾನು.

ಫೋನಲ್ಲೇ ಟೈಮರ್ ಇದೆಯಲ್ಲ, ಇದಕ್ಕೆ ದುಡ್ಡು ಯಾಕೆ ಅಂತ ಯಜಮಾನರು ಕೇಳಿದರು. ಫೋನ್ ಕೈಗೆತ್ತಿಕೊಂಡರೆ ಟೈಮರ್ ಹಾಕುವ ಮೊದಲೇ ವಾಟ್ಸ್ಆ್ಯಪ್ ಕರೆಯುತ್ತದೆ, ಅಲ್ವಾ? ಈ ಡಬ್ಬಿಗೆ ಗೊತ್ತಿರುವುದು ಒಂದೇ ಕೆಲಸ. ನಾನು ಕೊಂಡದ್ದೂ ಅದಕ್ಕೇ.

25 ನಿಮಿಷ ಕೆಲಸ, 5 ನಿಮಿಷ ಬಿಡುವು, ನಾಲ್ಕು ಸುತ್ತಾದ ಮೇಲೆ ಉದ್ದದ ಬಿಡುವು. ಈ ಪೊಮೊಡೊರೊ ಪದ್ಧತಿ ನಿಮಗೂ ಗೊತ್ತಿರಬಹುದು. ಇಟಲಿಯ ಫ್ರಾನ್ಸೆಸ್ಕೊ ಸಿರಿಲೊ 1980ರ ದಶಕದ ಕೊನೆಯಲ್ಲಿ, ಕಾಲೇಜು ಓದುವಾಗ ರೂಪಿಸಿದ್ದು. ಆತ ಇಟ್ಟುಕೊಂಡಿದ್ದೂ ಇಂಥದ್ದೇ ಕಿಚನ್ ಟೈಮರ್, ಟೊಮೆಟೊ ಆಕಾರದ್ದು. ಬಿಲ್ ಎಂಟ್ರಿಗೆ 25 ನಿಮಿಷ ಹದವಾಗಿದೆ. ಆದರೆ ಲೆಕ್ಕ ತಾಳೆ ನೋಡುವಾಗ ನಡುವೆ ಗಂಟೆ ಹೊಡೆದರೆ ಎಲ್ಲಿದ್ದೆ ಅನ್ನುವುದೇ ತಪ್ಪಿಹೋಗುತ್ತದೆ. ತಿಂಗಳ ಜಿಎಸ್‌ಟಿ ರಿಟರ್ನ್ ಸಲ್ಲಿಸುವ 20ನೇ ತಾರೀಕು ಹತ್ತಿರ ಬಂದಾಗ ನಾನು 50ಕ್ಕೇ ತಿರುಗಿಸುವುದು. ಬಿಡುವಿನ 5 ನಿಮಿಷದಲ್ಲಿ ಒಣಗಿದ ಬಟ್ಟೆ ಮಡಚುತ್ತೇನೆ. ಇದು ವಿಶ್ರಾಂತಿಯೇ ಅಂತ ಕೇಳಬೇಡಿ, ಕಣ್ಣಿಗಂತೂ ಹೌದು.

ಮನೆಕೆಲಸಕ್ಕೆ ನನ್ನ ಅಳತೆ 15 ನಿಮಿಷ. ಫ್ರಿಜ್ ಒರೆಸುವುದು, ಅಟ್ಟದ ಡಬ್ಬಗಳು, ಹಳೇ ಪೇಪರ್ ರಾಶಿ, ಇಂಥವು ಮುಂದಕ್ಕೆ ಹೋಗುತ್ತಲೇ ಇರುತ್ತವಲ್ಲ. ಬರೀ 15 ನಿಮಿಷ ಅಂದರೆ ಕೈ ಹಾಕಲು ಧೈರ್ಯ ಬರುತ್ತದೆ. ಅದಕ್ಕಿಂತ ಮುಖ್ಯ, ಗಂಟೆ ಹೊಡೆದಾಗ ನಿಲ್ಲಿಸುವುದು. ಇಲ್ಲದಿದ್ದರೆ ಸಾಂಬಾರ ಡಬ್ಬಿ ತೊಳೆಯಲು ಹೋದವಳು ಸಂಜೆಯ ಹೊತ್ತಿಗೆ ಇಡೀ ಅಡುಗೆಮನೆಯನ್ನು ನೆಲದ ಮೇಲೆ ಹರಡಿಕೊಂಡು ಕೂತಿರುತ್ತೇನೆ. ಹಬ್ಬದ ಕ್ಲೀನಿಂಗನ್ನು ಒಂದೇ ಭಾನುವಾರಕ್ಕೆ ತುಂಬದೆ, ದಿನಕ್ಕೊಂದು ಕಪಾಟಿನಂತೆ ಮುಗಿಸಲು ಸಾಧ್ಯವಾಗಿದ್ದು ಇದರಿಂದ. ಮಕ್ಕಳೂ ಸೇರುತ್ತಾರೆ. ಅಮ್ಮ ಹೇಳಿದರೆ ವಾದ ಮಾಡುತ್ತಾರೆ, ಟೈಮರ್ ಜೊತೆ ವಾದ ಮಾಡಲು ಬರುವುದಿಲ್ಲ.

ಅಡುಗೆಗೆ? ಬೇಳೆಗೆ ಬೇಡ, ಕುಕ್ಕರಿನ ವಿಶಲ್ ಎಣಿಸಿದರೆ ಸಾಕು. ಇಡ್ಲಿಗೆ ಬೇಕು. ವೆಯ್ಟ್ ಹಾಕದೆ 10-12 ನಿಮಿಷ ಬೇಯಿಸುವಾಗ ಯಾವ ಸದ್ದೂ ಕರೆಯುವುದಿಲ್ಲ.

ಇನ್ನು ಕೊರತೆಗಳು. ಎರಡು ಮೂರು ನಿಮಿಷ ಇಟ್ಟರೆ ನಂಬುವ ಹಾಗಿಲ್ಲ. ಮೊದಲು 20 ದಾಟಿಸಿ ತಿರುಗಿಸಿ, ಆಮೇಲೆ ಬೇಕಾದಲ್ಲಿಗೆ ಹಿಂದೆ ತಂದರೆ ಸ್ಪ್ರಿಂಗ್ ಸರಿಯಾಗಿ ಬಿಗಿಯಾಗುತ್ತದೆ. ಒದ್ದೆ ಕೈಯಲ್ಲಿ ಜಾರುತ್ತದೆ. ಗಂಟೆ ಹೊಡೆಯುವುದು ಕೆಲವೇ ಸೆಕೆಂಡು, ಅದೂ ತಾರಸಿಗೆ ಕೇಳುವುದಿಲ್ಲ. ಹಾಗಾಗಿ ಸಂಪ್ ಮೋಟರ್ ಆನ್ ಮಾಡಿದಾಗ ಮಾತ್ರ ಫೋನ್ ಅಲಾರಂ. ಟ್ಯಾಂಕ್ ತುಂಬಿ ರಸ್ತೆಗೆ ನೀರು ಹರಿದರೆ ಬೀದಿಯವರೆಲ್ಲ ಗಂಟೆ ಹೊಡೆಯುತ್ತಾರೆ. ಮೀಟಿಂಗ್ ಇದ್ದಾಗ ಟಿಕ್ ಟಿಕ್ ಸದ್ದು ಮೈಕಿಗೆ ಸಿಗುತ್ತದೆ, ಡ್ರಾಯರ್‌ನಲ್ಲಿ ಇಟ್ಟುಬಿಡಿ.

ಐದಕ್ಕೆ ನಾಲ್ಕು ಸ್ಟಾರ್. ಮಗು ಮಲಗಿರುವ ಕೋಣೆಯಲ್ಲಿ ಕೆಲಸ ಮಾಡುವವರು ಬ್ಯಾಟರಿಯದ್ದನ್ನೇ ತಗೊಳ್ಳಿ. ಟಿಕ್ ಟಿಕ್ ಇರುವುದಿಲ್ಲ, ಹಿಂದೆ ಅಯಸ್ಕಾಂತ ಇರುವಂಥದ್ದಾದರೆ ಫ್ರಿಜ್‌ಗೂ ಅಂಟಿಸಬಹುದು.